ಸಮುದ್ರದ ಜ್ವರ ನೋಡಲು ಹೋದವಳು

ನನ್ನ ಅಕ್ಕನ ಮಗಳಿಗೆ ಸಮುದ್ರಕ್ಕೆ ಜ್ವರ ಬಂದಿದೆ ಎಂಬ ಗುಮಾನಿ ಇತ್ತು. ಗುಮಾನಿ ಇಟ್ಟುಕೊಳ್ಳುವುದು ತಪ್ಪಲ್ಲ. ನಮ್ಮ ವಂಶದಲ್ಲಿ ಎಲ್ಲರಿಗೂ ಒಂದಲ್ಲ ಒಂದು ಗುಮಾನಿ ಇದ್ದೇ ಇದೆ. ಭಾವನಿಗೆ ಅಡುಗೆಭಟ್ಟರು ಗೋಡಂಬಿ ತಿನ್ನುತ್ತಾರೆಂಬ ಗುಮಾನಿ. ಅಕ್ಕನಿಗೆ ಸಕ್ಕರೆ ಕಾಯಿಲೆಯ ಭಾವ ಕದ್ದು ಹಲ್ವ ತಿನ್ನುತ್ತಾರೆಂಬ ಗುಮಾನಿ. ಆದರೆ ಅವರಲ್ಲಿ ಯಾರೂ ಗುಮಾನಿ ಬಂದ ಮಾರನೆಯ ದಿನವೇ ಮನೆಯ ಥರ್ಮಾಮೀಟರನ್ನು ಚೀಲಕ್ಕೆ ಹಾಕಿಕೊಂಡು, ನಸುಕಿನಲ್ಲಿ ಕಾಸಿಮೇಡಿನ ಮೀನು ಬಂದರಿಗೆ ನಡೆದದ್ದಿಲ್ಲ. ಇವಳು ನಡೆದೇಬಿಟ್ಟಳು!

ಹೆಸರು ಹೇಳುವುದಿಲ್ಲ. ಹೇಳಿದರೆ ಈ ಪ್ರಬಂಧದಲ್ಲಿ ಎಷ್ಟು ಉತ್ಪ್ರೇಕ್ಷೆ ಇದೆ ಎಂದು ಅಳೆಯಲು ಬರುತ್ತಾಳೆ. ಅಳೆಯುವುದು ಅವಳ ಹುಟ್ಟುಗುಣ.

ಮೊದಲು ನಮ್ಮ ಸಂಸಾರದ ಪರಿಚಯ ಆಗಲಿ. ಭಾವ ಉಡುಪಿಯ ಹತ್ತಿರದವರು. ಚಿಕ್ಕ ವಯಸ್ಸಿನಲ್ಲಿ ಚೆನ್ನೈಗೆ ಬಂದು, ಬೇರೆಯವರ ಹೋಟೆಲಿನಲ್ಲಿ ದೋಸೆ ಹುಯ್ದು, ಕೊನೆಗೆ ರಾಯಪುರಂನಲ್ಲಿ ಸ್ವಂತ ಹೋಟೆಲು ಮಾಡಿದವರು. ಕೆಳಗೆ ಹೋಟೆಲು, ಮೇಲೆ ಮನೆ. ನಾನು ಮಣಲಿಯಲ್ಲಿ ಕಚ್ಚಾತೈಲದ ಸಂಬಂಧದ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದೆ. ಮದುವೆಯಾಗುವವರೆಗೆ ಎಂದು ಅಕ್ಕನ ಮನೆಯಲ್ಲಿ ಇಳಿದುಕೊಂಡವನು ಹಾಗೇ ಉಳಿದೆ. ಮದುವೆಯ ವಿಷಯ ಈ ಪ್ರಬಂಧಕ್ಕೆ ಸಂಬಂಧಿಸಿದ್ದಲ್ಲ.

ಅಕ್ಕನ ಮಗಳು ಹುಟ್ಟಿದ್ದೂ ಬೆಳೆದದ್ದೂ ಚೆನ್ನೈಯಲ್ಲೇ. ಪ್ರೀತಿ ಬಂದರೆ ಕನ್ನಡ, ಸಿಟ್ಟು ಬಂದರೆ ತಮಿಳು, ಪರೀಕ್ಷೆ ಬಂದರೆ ಇಂಗ್ಲಿಷು. ವಾದಕ್ಕೆ ನಿಂತರೆ ಮೂರೂ. ಹೊಸ ಶತಮಾನ ಆಗಷ್ಟೇ ಶುರುವಾಗಿದ್ದ ಆ ದಿನಗಳಲ್ಲಿ ಅವಳು ಕ್ರೋಂಪೇಟೆಯ ಎಂಜಿನಿಯರಿಂಗ್ ಕಾಲೇಜಿಗೆ ಲೋಕಲ್ ರೈಲಿನಲ್ಲಿ ಹೋಗಿಬರುತ್ತಿದ್ದಳು. ಒಂದು ದಿನ ಕಾಲೇಜಿಗೆ ಯಾರೋ ಬಂದು, ಭೂಮಿ ಬಿಸಿಯಾಗುತ್ತಿದೆ, ಸಮುದ್ರವೂ ಬಿಸಿಯಾಗುತ್ತಿದೆ ಎಂದು ಭಾಷಣ ಮಾಡಿದರಂತೆ. ಆಗ ಈ ಸುದ್ದಿ ಪೇಪರಿನ ಒಳಪುಟಗಳಲ್ಲಿ, ರಾಶಿಫಲದ ಪಕ್ಕದಲ್ಲಿ ಬರುತ್ತಿತ್ತು. ಉಳಿದ ಮಕ್ಕಳು ಚಪ್ಪಾಳೆ ತಟ್ಟಿ, ಬಿಸ್ಕತ್ತು ತಿಂದು ಮನೆಗೆ ಹೋದರು. ಇವಳು ಬಿಸ್ಕತ್ತನ್ನೂ ತಿನ್ನದೆ ಬಂದು ಊಟದ ಹೊತ್ತಿಗೆ ಸುದ್ದಿ ಒಡೆದಳು.

"ಅಮ್ಮ, ಭೂಮಿಯ ಸೆಕೆ ಜಾಸ್ತಿ ಆಗ್ತಾ ಉಂಟಂತೆ."

ಅಕ್ಕ ಸಾರು ಬಡಿಸುತ್ತಾ ಹೇಳಿದಳು: "ಅದನ್ನು ಹೇಳ್ಲಿಕ್ಕೆ ಕಾಲೇಜು ಬೇಕಾ? ಚೆನ್ನೈಯಲ್ಲಿ ಇರುದೇ ಮೂರು ಕಾಲ. ಸೆಕೆ, ಜಾಸ್ತಿ ಸೆಕೆ, ಕತ್ತಿರಿ ಸೆಕೆ."

ಕತ್ತಿರಿ ಎಂದರೆ ಮೇ ತಿಂಗಳ ಕಡುಬೇಸಿಗೆಗೆ ತಮಿಳರು ಇಟ್ಟ ಹೆಸರು. ನಾವೆಲ್ಲ ನಕ್ಕೆವು. ಅವಳು ನಗಲಿಲ್ಲ. "ಅಳೆದು ನೋಡ್ಬೇಕು" ಎಂದಳು. ಆಗಲೇ ನಮಗೆ ಅರ್ಥವಾಗಬೇಕಿತ್ತು.

ಮಾರನೆಯ ದಿನ ಅವಳು ಒಯ್ದದ್ದು ಮನುಷ್ಯರ ಜ್ವರ ನೋಡುವ ಥರ್ಮಾಮೀಟರು. ಸಮುದ್ರದಲ್ಲಿ ಅದ್ದಿದರೆ ಪಾದರಸ ಇದ್ದಲ್ಲಿಂದ ಏಳಲೇ ಇಲ್ಲವಂತೆ. ಅದು ನಾಲಿಗೆಯಡಿಯ ಬಿಸಿಗೆ ಮಾಡಿದ್ದು, ಸಮುದ್ರದ ನೀರು ಎಷ್ಟೇ ಬಿಸಿಯಾದರೂ ಅದರ ಮೊದಲ ಗೆರೆಗೂ ಮುಟ್ಟುವುದಿಲ್ಲ ಎಂಬುದು ಆಮೇಲೆ ಹೊಳೆಯಿತು. ಅವಳು ಅದನ್ನು ದುಪಟ್ಟಾದಲ್ಲಿ ಒರೆಸಿ, ಸದ್ದಿಲ್ಲದೆ ಅಲಮಾರಿನಲ್ಲಿಟ್ಟು, ಕಾಲೇಜಿನ ಪ್ರಯೋಗಾಲಯದಿಂದ ಬೇರೆ ಥರ್ಮಾಮೀಟರು ಕೇಳಿ ತಂದಳು.

ಅದೇ ವಾರ ಭಾವನಿಗೆ ಜ್ವರ ಬಂತು. ಅಕ್ಕ ಅಲಮಾರಿನಿಂದ ಥರ್ಮಾಮೀಟರು ತೆಗೆದು ಅವರ ಬಾಯಿಗಿಟ್ಟಳು. ಭಾವ ಮುಖ ಕಿವುಚಿದರು.

"ಉಪ್ಪುಪ್ಪು ಉಂಟು ಮಾರಾಯ್ತಿ."

"ಜ್ವರದ ಬಾಯಿ. ರುಚಿ ಕೆಟ್ಟಿರ್ತದೆ, ಸುಮ್ಮನೆ ಕಚ್ಚಿಕೊಳ್ಳಿ."

ಭಾವ ಕಚ್ಚಿಕೊಂಡರು. ಬಂಗಾಳಕೊಲ್ಲಿಯನ್ನು ಬಾಯಲ್ಲಿಟ್ಟುಕೊಂಡ ಶುದ್ಧ ಸಸ್ಯಾಹಾರಿ ಹೋಟೆಲಿನ ಯಜಮಾನರು ಚೆನ್ನೈಯಲ್ಲಿ ಅವರೊಬ್ಬರೇ ಇರಬೇಕು.

ವಿಷಯ ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಥರ್ಮಾಮೀಟರಿನ ಡಬ್ಬಿಯಲ್ಲಿ ಏನೋ ಪುಟ್ಟದಾಗಿ, ಬೆಳ್ಳಿಯ ಹಾಗೆ ಹೊಳೆಯುವುದು ಅಕ್ಕನ ಕಣ್ಣಿಗೆ ಬಿತ್ತು. ದೇವರ ಪೀಠದ ಬಟ್ಟೆಯಿಂದ ಉದುರಿದ ಚಮಕಿ ಎಂದುಕೊಂಡು ಅವಳು ಅದನ್ನು ಶ್ರದ್ಧೆಯಿಂದ ಗೋಂದು ಹಚ್ಚಿ ಪೀಠದ ಬಟ್ಟೆಗೇ ಅಂಟಿಸಿದಳು. ಕೆಲವು ದಿನ ಕೃಷ್ಣ ಅದರ ಮೇಲೆಯೇ ಕೂತು ಪೂಜೆ ಮಾಡಿಸಿಕೊಂಡ. ಒಂದು ಬೆಳಿಗ್ಗೆ ಹೂವು ಕೊಡಲು ಬಂದ ಹೆಂಗಸು ಬಾಗಿಲಿನಿಂದಲೇ ಬಗ್ಗಿ ನೋಡಿ, "ಏನಮ್ಮಾ, ಸಾಮಿ ಕಿಟ್ಟೆ ಮೀನ್ ಸೆದಿಲ್ ಇರುಕ್ಕುದು?" ಎಂದಳು. ದೇವರ ಹತ್ತಿರ ಮೀನಿನ ಹುರುಪೆ!

ಅಕ್ಕ ಇಡೀ ಮನೆಗೆ ಕೇಳುವ ಹಾಗೆ ಮಗಳನ್ನು ಕೂಗಿದಳು. ಮಗಳು ಓಡಿ ಬಂದು ನೋಡಿ, ಎಲ್ಲವನ್ನೂ ಒಪ್ಪಿಕೊಂಡಳು. ಒಪ್ಪಿಕೊಂಡು ಸುಮ್ಮನಿರಬಹುದಿತ್ತಲ್ಲ? "ಪರವಾಗಿಲ್ಲ ಅಮ್ಮ, ಮತ್ಸ್ಯಾವತಾರ ಅಲ್ವಾ?" ಎಂದಳು.

ಅಂದು ದೇವರ ಕೋಣೆಯನ್ನು ಮೂಲೆಮೂಲೆ ಬಿಡದೆ ತೊಳೆದರು. ಭಾವ ಎಷ್ಟು ಸಲ ಬಾಯಿ ಮುಕ್ಕಳಿಸಿದರೋ ಲೆಕ್ಕ ಇಟ್ಟವರಿಲ್ಲ. ಮುಕ್ಕಳಿಸಿದ ಮೇಲೆ ನನ್ನನ್ನು ಕರೆದು ಗುಟ್ಟಿನಲ್ಲಿ ಹೇಳಿದರು: "ನೀನು ನಾಳೆ ಅವಳ ಹಿಂದೆ ಹೋಗು. ಅಲ್ಲಿ ಎಂತ ಮಾಡ್ತಾಳೆ ನೋಡು. ತಿಂತಾಳಾ ನೋಡು." ಕೊನೆಯ ವಾಕ್ಯ ಹೇಳುವಾಗ ಅವರ ಧ್ವನಿ ಒಡೆದುಹೋಯಿತು.

ಪತ್ತೇದಾರಿಗೆ ನಾನು ಬಿಳಿ ಅಂಗಿ ತೊಟ್ಟು ಹೋದೆ. ಅದು ಮೊದಲ ತಪ್ಪು. ಮೂಗಿಗೆ ನೀಲಗಿರಿ ಎಣ್ಣೆ ಹಾಕಿದ ಕರವಸ್ತ್ರ ಹಿಡಿದದ್ದು ಎರಡನೆಯದು. ಕಾಸಿಮೇಡಿನಲ್ಲಿ ಬೆಳಕು ಹರಿಯುವ ಮೊದಲೇ ಹರಾಜು ಶುರುವಾಗುತ್ತದೆ. ದೋಣಿಗಳಿಂದ ಬುಟ್ಟಿಗಳು ಇಳಿಯುತ್ತವೆ, ಹೆಂಗಸರು ಸುತ್ತ ನಿಂತು ಕೂಗುತ್ತಾರೆ, ನೆಲವೆಲ್ಲ ಒದ್ದೆ. ಆ ಗದ್ದಲದಲ್ಲಿ ಕರವಸ್ತ್ರ ಹಿಡಿದು ನಿಂತವನು ನಾನೊಬ್ಬನೇ ಆದ್ದರಿಂದ ಹಾರ್ಬರಿಗೆ ಹಾರ್ಬರೇ ನನ್ನನ್ನು ನೋಡಿತು. ದಪ್ಪ ಮೂಗುತಿಯ ಹರಾಜಿನ ಹೆಂಗಸೊಬ್ಬಳು ಒಂದು ಇಡೀ ಮೀನನ್ನು ಎತ್ತಿ ನನ್ನ ಮುಖದ ಹತ್ತಿರ ಹಿಡಿದು, "ಇನ್ನಾ ಸಾರ್, ವಂಜರಂ ವೇಣುಮಾ?" ಎಂದು ಕೇಳಿದಳು. ವಂಜರಂ ಎಂದರೆ ಆ ಮೀನಿನ ಹೆಸರು. ಬೇಡ ಎನ್ನಲು ಬಾಯಿ ತೆರೆಯಲಾರದೆ ಹಿಂದೆ ಸರಿದು, ಮಂಜುಗಡ್ಡೆಯ ರಾಶಿಯ ಹಿಂದೆ ಅಡಗಿಕೊಂಡೆ.

ಅಲ್ಲಿಂದ ಅವಳು ಕಾಣಿಸಿದಳು. ದೋಣಿ ಕಟ್ಟುವ ಧಕ್ಕೆಯ ಅಂಚಿನಲ್ಲಿ ಬೋರಲು ಹಾಕಿದ ಬುಟ್ಟಿಯ ಮೇಲೆ ಕೂತಿದ್ದಳು. ಸುತ್ತ ಬೆಸ್ತರ ಮಕ್ಕಳ ಗುಂಪು. ಒಬ್ಬಳು ಹಗ್ಗ ಕಟ್ಟಿದ ಬಕೆಟ್ಟನ್ನು ನೀರಿಗಿಳಿಸುತ್ತಿದ್ದಳು, ಇನ್ನೊಬ್ಬಳು ಥರ್ಮಾಮೀಟರು ಹಿಡಿದಿದ್ದಳು, ಉಳಿದವರು ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ಓದಿ ಹೇಳಿದ ಕೂಡಲೇ ಎಲ್ಲರೂ ಅದನ್ನೇ ಕೂಗಿದರು. ಹರಾಜಿನ ಕೂಗಿನ ನಡುವೆ ಸಮುದ್ರದ ಉಷ್ಣತೆಯ ಕೂಗು! ಆಮೇಲೆ ಅವಳು ದೋಣಿಯಿಂದ ಇಳಿದವರನ್ನು ಹಿಡಿದು ಕೇಳುತ್ತಿದ್ದಳು. ಯಾವ ಮೀನು ಈ ಸಲ ಬೇಗ ಬಂತು, ಯಾವುದು ಬರಲೇ ಇಲ್ಲ, ಎಷ್ಟು ದೂರ ಹೋಗಬೇಕಾಯಿತು. ಬೆಳ್ಳುಳ್ಳಿಯ ಒಗ್ಗರಣೆಗೆ ಮೂಗು ಮುರಿಯುವ ಮನೆಯ ಹುಡುಗಿಗೆ ನೂರು ಮೀನಿನ ಹೆಸರು ಬಾಯಿಪಾಠ.

ನೋಡುತ್ತಾ ಮೈಮರೆತು ಒಂದು ಹೆಜ್ಜೆ ಮುಂದಿಟ್ಟೆ. ಕಾಲು ಜಾರಿತು. ನಾನು ಬೀಳುವ ಮೊದಲೇ, ಹಿಂತಿರುಗಿಯೂ ನೋಡದೆ ಅವಳು ಹೇಳಿದಳು: "ಮಾವ, ಬರುದಾದ್ರೆ ಬನ್ನಿ. ಕಾಲು ನೋಡಿ ಇಡಿ."

ಬಿದ್ದ ಮೇಲೆ ಹೋದೆ. ಮೂಗುತಿಯ ಹೆಂಗಸು ನನ್ನ ಅಂಗಿಯನ್ನು ನೋಡಿ ಮನಸಾರೆ ನಕ್ಕು, ಅಕ್ಕನ ಮಗಳನ್ನು ತೋರಿಸಿ, "ಇಂದ ಪೊಣ್ಣು ಮೀನು ವಾಂಗಾದು ಸಾರ್, ಮೀನೋಡ ಕಷ್ಟಂ ಮಟ್ಟುಂ ಕೇಕುಂ" ಎಂದಳು. ಮೀನು ಕೊಳ್ಳುವುದಿಲ್ಲ, ಮೀನಿನ ಕಷ್ಟ ಮಾತ್ರ ಕೇಳುತ್ತಾಳೆ. ಅದಕ್ಕಿಂತ ಚೆನ್ನಾಗಿ ಅವಳನ್ನು ಯಾರೂ ವರ್ಣಿಸಿದ್ದಿಲ್ಲ.

ವಾಪಸ್ಸು ನಡೆಯುವಾಗ ಕೇಳಿದೆ: "ಅಳೆದೆಯಲ್ಲ, ಜ್ವರ ಉಂಟಾ?"

"ಈಗಲೇ ಹೇಳ್ಲಿಕ್ಕಾಗುದಿಲ್ಲ ಮಾವ. ಒಂದು ವರ್ಷದ್ದು ಏನೂ ಹೇಳುದಿಲ್ಲ. ಮೂವತ್ತು ವರ್ಷ ಅಳೆದ್ರೆ ಸ್ವಲ್ಪ ಹೇಳಬಹುದು."

"ಮೂವತ್ತು ವರ್ಷ ಯಾರು ಅಳೀತಾರೆ ಮಾರಾಯ್ತಿ?"

"ಅದಕ್ಕೇ ಮಕ್ಕಳನ್ನು ಸೇರಿಸಿದ್ದು. ನಿಮ್ಮನ್ನು ಹಿಡ್ಕೊಂಡು ಪ್ರಯೋಜನ ಇಲ್ಲ."

ನಾನು ನಡುರಸ್ತೆಯಲ್ಲಿ ನಿಂತುಬಿಟ್ಟೆ. ಆಗ ನನಗೆ ಮುಂದಿನ ತಿಂಗಳ ಯೋಚನೆಯೂ ಇರುತ್ತಿರಲಿಲ್ಲ. ಇವಳು ಕಾಲೇಜು ಮುಗಿಸದ ಹುಡುಗಿ, ತನಗೆ ತಲೆ ನರೆಯುವ ಹೊತ್ತಿಗೆ ಬರಬೇಕಾದ ಉತ್ತರಕ್ಕಾಗಿ ಇಂದು ಬೆಳಿಗ್ಗೆ ನಿದ್ದೆಗೆಟ್ಟು ಬಂದಿದ್ದಳು. ಮಣಲಿಯ ಚಿಮಣಿಗಳು ದೂರದಲ್ಲಿ ಕಾಣುತ್ತಿದ್ದವು. ನನಗೆ ಡ್ಯೂಟಿಗೆ ಹೊತ್ತಾಗಿತ್ತು.

ತಿನ್ನುವುದಿಲ್ಲ ಎಂದು ಭಾವನಿಗೆ ವರದಿ ಒಪ್ಪಿಸಿದೆ. ಅವರಿಗೆ ಅರ್ಧ ಸಮಾಧಾನ. ಆದರೆ ಅಷ್ಟರಲ್ಲಿ ಸುದ್ದಿ ಸಂಬಂಧಿಕರಿಗೆ ಮುಟ್ಟಿತ್ತು. ಮೈಲಾಪುರದಲ್ಲಿದ್ದ ನಮ್ಮವರೊಬ್ಬರು ಬಂದು, ಕಾಫಿ ಕುಡಿದು, ಹೆಣ್ಣು ಹುಡುಗಿ ಹೀಗೆ ಮೀನು ವಾಸನೆ ಹೊತ್ತು ತಿರುಗಿದರೆ ನಾಳೆ ಸಂಬಂಧ ಯಾರು ಬೆಳೆಸುತ್ತಾರೆ ಎಂದು ಕೇಳಿ, ಇನ್ನೊಂದು ಕಾಫಿ ಕುಡಿದು ಹೋದರು. ಅಂದು ರಾತ್ರಿ ಊಟಕ್ಕೆ ಭಾವ ಮಗಳನ್ನು ಎದುರು ಕೂರಿಸಿಕೊಂಡರು.

"ಸಾಕು ಮಗಾ. ನಾಳೆಯಿಂದ ಹೋಗುದು ಬೇಡ. ಹೋಟೆಲಿಗೆ ಬರುವವರ ಮೂಗಿಗೆ ಬಡಿದ್ರೆ ನನ್ನ ಗತಿ ಎಂತ?"

ಅವಳು ನನ್ನ ಕಡೆ ತಿರುಗಿದಳು. ಅವಳು ನನ್ನ ಕಡೆ ತಿರುಗಿದರೆ ನನಗೆ ಯಾವಾಗಲೂ ಹೆದರಿಕೆ.

"ಅಪ್ಪ, ಮಾವ ದಿನಾ ಮಣಲಿಯಿಂದ ಬರ್ತಾರೆ. ಅವರ ಅಂಗಿಯಲ್ಲಿ ಗಂಧಕದ ವಾಸನೆ ಇರ್ತದೆ. ಅವರಿಗೆ ಯಾರಾದ್ರೂ ಬೇಡ ಹೇಳಿದ್ರಾ?"

"ಅದು ಕಂಪನಿಯ ವಾಸನೆ ಅಲ್ವಾ?" ಎಂದಳು ಅಕ್ಕ, ನನ್ನ ಪರವಾಗಿ.

"ನನ್ನ ವಾಸನೆ ಒಂದು ಸ್ನಾನಕ್ಕೆ ಹೋಗ್ತದೆ ಅಮ್ಮ. ಮಾವನ ಕಂಪನಿಯದ್ದು ಆಕಾಶದಲ್ಲೇ ಇರ್ತದೆ. ಯಾವುದು ಮೈಲಿಗೆ, ನೀವೇ ಸೊಲ್ಲುಂಗೋ."

ಹೇಳಿ ಎನ್ನುವುದಕ್ಕೆ ತಮಿಳಿನ ಸೊಲ್ಲುಂಗೋ ಬಂತೆಂದರೆ ಸಿಟ್ಟು ಬಂದಿದೆ ಎಂದೇ ಅರ್ಥ. ನಾನು ಗೊತ್ತಾಗದ ಹಾಗೆ ನನ್ನ ತೋಳನ್ನು ಮೂಸಿ ನೋಡಿಕೊಂಡೆ. ಇತ್ತು. ಅಷ್ಟು ವರ್ಷ ನನಗೆ ಅದು ಸಂಬಳದ ವಾಸನೆಯಾಗಿತ್ತು. ಅವಳು ನನ್ನನ್ನು ಅವಮಾನಿಸಲು ಹೇಳಿದ್ದಲ್ಲ. ಎದ್ದು ಹೋಗುವಾಗ ನನ್ನ ತಟ್ಟೆಗೆ ಇನ್ನೊಂದು ಹಪ್ಪಳ ಹಾಕಿ ಹೋದಳು.

ಕೊನೆಗೆ ಭಾವ ಒಂದು ಒಪ್ಪಂದಕ್ಕೆ ಬಂದರು. ಹೋಗಬಹುದು, ಆದರೆ ಹಿಂದಿನ ಮೆಟ್ಟಿಲಿನಿಂದ ಬರಬೇಕು, ಬಂದವಳೇ ಸ್ನಾನ ಮಾಡಬೇಕು. ಅವಳು ಒಪ್ಪಿದಳು. ಒಪ್ಪಿದ್ದಕ್ಕೆ ಪ್ರತಿಯಾಗಿ ಒಂದೇ ಒಂದು ಸಣ್ಣ ಉಪಕಾರ ಕೇಳಿದಳು. ಹೋಟೆಲಿನ ಬಾಗಿಲಲ್ಲಿ ದಿನದ ಸ್ಪೆಷಲ್ ಬರೆಯುವ ಕಪ್ಪು ಹಲಗೆಯಲ್ಲಿ ಒಂದು ಸಾಲು.

ಮಾರನೆಯ ದಿನ ಹಲಗೆಯ ಮೇಲೆ, ರವಾ ದೋಸೆಗೂ ಬಾದಾಮ್ ಹಲ್ವಕ್ಕೂ ನಡುವೆ, ತಮಿಳಿನಲ್ಲಿ 'ಕಡಲ್ ಸೂಡು' ಎಂದು ಬರೆದು ಪಕ್ಕದಲ್ಲಿ ಇಪ್ಪತ್ತೊಂಬತ್ತು ಎಂದು ಹಾಕಿದ್ದಳು. ಕಡಲಿನ ಬಿಸಿ. ಗಿರಾಕಿಯೊಬ್ಬರು ಬಹಳ ಹೊತ್ತು ಹಲಗೆ ನೋಡಿ, ಒಳಗೆ ಬಂದು ಕೂತು, ಸಪ್ಲೈಯರನ್ನು ಕರೆದು, "ಒರು ಕಡಲ್ ಸೂಡು ಕುಡುಪ್ಪಾ. ಕಾರಂ ಕಮ್ಮಿಯಾ" ಎಂದರು. ಖಾರ ಕಮ್ಮಿ ಇರಲಂತೆ. ಸಪ್ಲೈಯರಿಗೆ ಏನು ತಿಳಿಯುತ್ತದೆ? ಅವನು ಅಡುಗೆಮನೆಗೆ ಕೂಗಿದ. ಅಡುಗೆಭಟ್ಟರು ನಮ್ಮ ಕಡೆಯವರು, ಇಲ್ಲ ಎಂದು ಹೇಳಿ ಅಭ್ಯಾಸವಿಲ್ಲ. ಬಿಸಿ ರಸಂಗೆ ಎರಡು ಬೋಂಡಾ ಮುಳುಗಿಸಿ ಕಳಿಸಿದರು. ಗಿರಾಕಿ ಇನ್ನೊಂದು ತರಿಸಿಕೊಂಡರು.

ಆಮೇಲೆ ಜನಕ್ಕೆ ವಿಷಯ ಗೊತ್ತಾಯಿತು. ಕಾಫಿ ಕುಡಿಯುವವರು, "ಇವತ್ತು ಸಮುದ್ರ ಹೇಗಿದೆ?" ಎಂದು ಗಲ್ಲಾಪೆಟ್ಟಿಗೆಯಲ್ಲಿ ಕೂತ ಭಾವನನ್ನು ಕೇಳತೊಡಗಿದರು. ಮೊದಮೊದಲು ಭಾವ ಮುಖ ಗಂಟು ಹಾಕುತ್ತಿದ್ದರು. ಕ್ರಮೇಣ, ಸಂಬಂಧಿಕರ ಆರೋಗ್ಯ ಹೇಳುವ ಧ್ವನಿಯಲ್ಲಿ, "ನಿನ್ನೆಗಿಂತ ಸ್ವಲ್ಪ ಪರವಾಗಿಲ್ಲ" ಎನ್ನತೊಡಗಿದರು.

ನಿಜವಾದ ಯುದ್ಧ ಬಂದದ್ದು ಏಸಿ ಹಾಲ್ ಮಾಡುವ ವಿಷಯದಲ್ಲಿ. ಮಾಳಿಗೆಯಲ್ಲಿ ಮನೆಯ ಪಕ್ಕಕ್ಕೆ ಒಂದು ದೊಡ್ಡ ಕೋಣೆ ಇತ್ತು. ಎಣ್ಣೆಯ ಖಾಲಿ ಡಬ್ಬಗಳು, ಕಾಲು ಮುರಿದ ಕುರ್ಚಿಗಳು ಅಲ್ಲಿರುತ್ತಿದ್ದವು. ಅದನ್ನು ಏಸಿ ಹಾಲ್ ಮಾಡಬೇಕೆಂಬುದು ಭಾವನ ಬಹುಕಾಲದ ಆಸೆ. ಎದುರಿನ ಹೋಟೆಲಿಗೆ ಏಸಿ ಬಂದ ದಿನದಿಂದ ಅವರಿಗೆ ಊಟ ಸೇರುತ್ತಿರಲಿಲ್ಲ. ದೋಸೆಕಲ್ಲಿನ ಮುಂದೆ ಬೆವರಿ ಬೆವರಿ ಮೇಲೆ ಬಂದ ಮನುಷ್ಯ. ತನ್ನ ಹೋಟೆಲಿನಲ್ಲೊಂದು ತಣ್ಣನೆಯ ಕೋಣೆ ಬೇಕೆಂದರೆ ಅದು ದುರಾಸೆಯೇ? ಒಳಗಿನ ಸೆಕೆಯನ್ನು ಊರಿಗೆ ಹಾಕುವ ಯಂತ್ರ ಬೇಡ ಎಂದು ಮಗಳು ಹೇಳಿದಾಗ ಅವರ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದ್ದೇನೆ.

ಅವಳೂ ನೋಡಿದಳು. ಅದಕ್ಕೇ ವಾದ ಮಾಡಲಿಲ್ಲ. "ಈ ಒಂದು ಕತ್ತಿರಿ ಕಳೆಯುವವರೆಗೆ ಕೋಣೆ ನನಗೆ ಕೊಡಿ ಅಪ್ಪ. ತಂಪಾಗದಿದ್ರೆ ನಾನೇ ಏಸಿಯವರನ್ನು ಕರೀತೇನೆ" ಎಂದಳು.

ಮುಂದಿನ ಭಾನುವಾರ ಕಾಸಿಮೇಡಿನ ಮಕ್ಕಳ ಪಡೆ ನಮ್ಮ ಮನೆಗೆ ಬಂತು, ಹಿಂದಿನ ಮೆಟ್ಟಿಲಿನಿಂದ. ಡಬ್ಬಗಳನ್ನು ಸರಿಸಿದಾಗ ಪೂರ್ವದ ಗೋಡೆಯಲ್ಲಿ ಸಾಲಾಗಿ ಕಿಟಕಿಗಳು ಪ್ರತ್ಯಕ್ಷವಾದವು! ಹೋಟೆಲು ಶುರುವಾದಂದಿನಿಂದ ಅವುಗಳಿಗೆ ಡಬ್ಬ ಒರಗಿಸಿಟ್ಟಿದ್ದೆವು. ಆಚೆ ಸಮುದ್ರ ಇದೆ ಎಂಬುದೇ ಮರೆತುಹೋಗಿತ್ತು. ಮಕ್ಕಳು ತಾರಸಿಯ ಮೇಲೆಲ್ಲ ಬಿಳಿ ಸುಣ್ಣ ಬಳಿದರು. ಬಿಸಿಲು ಬಂದ ದಾರಿಯಲ್ಲೇ ವಾಪಸ್ಸು ಹೋಗಲಿ ಎಂದು ಅವಳ ಲೆಕ್ಕ. ಹಳೆಯ ಬಲೆಗಳನ್ನು ಕಟ್ಟಿ ಬಳ್ಳಿ ಹಬ್ಬಿಸಿದರು. ಬಲೆಯನ್ನು ಎಷ್ಟು ತೊಳೆದರೂ ಅಕ್ಕ ಆ ಕಡೆ ತಲೆ ಹಾಕಲಿಲ್ಲ. ಭಾವ ಮಾತ್ರ ಗೊಣಗುತ್ತಾ ಎಲ್ಲರಿಗೂ ಮಸಾಲೆ ದೋಸೆ ಕಳಿಸಿದರು. ಯಾರೋ ಕಾಫಿಯನ್ನೂ ಕಳಿಸಿದಾಗ ಅಡುಗೆಮನೆಗೆ ಹೋಗಿ ರೇಗಿದರು: "ಬೆಳೆಯುವ ಮಕ್ಕಳಿಗೆ ಕಾಫಿ ಕೊಡ್ತಾರಾ? ಬಾದಾಮ್ ಹಾಲು ಕೊಡಿ."

ಕತ್ತಿರಿಯ ಒಂದು ಮಧ್ಯಾಹ್ನ ಭಾವ ಪರೀಕ್ಷೆಗೆಂದು ಆ ಕೋಣೆಯಲ್ಲಿ ಹೋಗಿ ಕೂತರು. ಸಮುದ್ರದ ಗಾಳಿ ಏಳುವ ಹೊತ್ತು. ಬಹಳ ಹೊತ್ತಾದರೂ ಬರಲಿಲ್ಲವೆಂದು ನಾವೆಲ್ಲ ಹೋಗಿ ನೋಡಿದರೆ ಅವರು ಬೆಂಚಿನ ಮೇಲೆ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಎಬ್ಬಿಸಿದಾಗ, "ಏಸಿಯಷ್ಟು ತಂಪಿಲ್ಲ" ಎಂದು ಹೇಳಿ ಮತ್ತೆ ಮಲಗಿದರು.

ಆ ಬೇಸಿಗೆಯಲ್ಲೇ ಒಂದು ದಿನ ಊಟದ ಹೊತ್ತಿಗೆ ಇಡೀ ಬೀದಿಯ ಕರೆಂಟು ಹೋಯಿತು. ಎದುರಿನ ಹೋಟೆಲಿನ ಏಸಿ ಹಾಲಿನಿಂದ ಜನ ಮೆನು ಕಾರ್ಡಿನಲ್ಲಿ ಗಾಳಿ ಹಾಕಿಕೊಳ್ಳುತ್ತಾ ಹೊರಬಂದರು. ಭಾವ ಬಾಗಿಲಲ್ಲಿ ನಿಂತು ಅವರನ್ನು ಮೇಲಕ್ಕೆ ಕಳಿಸಿದ ಠೀವಿಯನ್ನು ನೋಡಬೇಕಿತ್ತು. ಅಂದಿನಿಂದ, "ಏಸಿ ಇರುಕ್ಕಾ?" ಎಂದು ಯಾರಾದರೂ ಕೇಳಿದರೆ, "ಇಲ್ಲ, ಕಡಲ ಗಾಳಿ ಉಂಟು" ಎಂದು ಅಪ್ಪಟ ಕನ್ನಡದಲ್ಲಿ ಉತ್ತರಿಸುತ್ತಿದ್ದರು. ಅರ್ಥವಾಗದೆ ಕೆಲವರು ಎದ್ದು ಹೋದದ್ದೂ ಉಂಟು. ಏಸಿಯ ಮಾತನ್ನು ಮಾತ್ರ ಭಾವ ಮತ್ತೆ ಎತ್ತಲಿಲ್ಲ.

ಅವಳು ಎಂಜಿನಿಯರಿಂಗ್ ಮುಗಿಸಿ, ಸಮುದ್ರದ ಬಗ್ಗೆಯೇ ಮುಂದೆ ಓದಲು ಹೋದಳು. ಈಗ ಅದೇ ಅವಳ ಕೆಲಸ. ಅವಳ ಕಥೆಗಳನ್ನು ನಾನು ಹೀಗೆ ಹೇಳಿ ನಗಿಸುತ್ತಿರುತ್ತೇನೆ. ಒಂದನ್ನು ಮಾತ್ರ ಯಾರಿಗೂ ಹೇಳಿಲ್ಲ.

ಕಾಲೇಜಿನ ಕೊನೆಯ ವರ್ಷ. ಒಂದು ಸಂಜೆ ಡ್ಯೂಟಿ ಮುಗಿಸಿ ಕಡಲ ದಂಡೆಯ ರಸ್ತೆಯಲ್ಲಿ ಬರುತ್ತಿದ್ದೆ. ಅಲೆ ತಡೆಯಲು ಹಾಕಿದ ಕಲ್ಲುಬಂಡೆಗಳ ಮೇಲೆ ಅವಳೊಬ್ಬಳೇ ಕೂತಿದ್ದಳು. ಹೋಗಿ ಪಕ್ಕದಲ್ಲಿ ಕೂತೆ. ಅವಳು ತಿರುಗಲಿಲ್ಲ.

"ಎಂತ ಆಯ್ತು ಮಗಾ?"

"ಇವತ್ತು ಕಾಸಿಮೇಡಿನ ಒಂದು ಹುಡುಗಿ ಕೇಳಿದಳು ಮಾವ. ಅವರ ಬೀದಿಯ ಮುಂದೆ ಇನ್ನೊಂದು ಬೀದಿ ಇತ್ತಂತೆ, ಅವಳ ಅಜ್ಜಿಯ ಕಾಲದಲ್ಲಿ. ಸಮುದ್ರ ತಗೊಂಡು ಹೋಯ್ತು. ಅದು ಹಾರ್ಬರಿನ ಗೋಡೆ ಕಟ್ಟಿದ್ದರಿಂದ ಆದದ್ದು, ಸೆಕೆಯಿಂದ ಅಲ್ಲ ಅಂತ ಹೇಳಿದೆ. ಸರಿ ಅಕ್ಕಾ, ಆದ್ರೆ ನಾನು ದೊಡ್ಡವಳಾಗುವಾಗ ನಮ್ಮ ಬೀದಿ ಇರ್ತದಾ ಅಂತ ಕೇಳಿದಳು."

"ನೀನೆಂತ ಹೇಳಿದೆ?"

"ಇರ್ತದೆ ಅಂದೆ."

ಒಳ್ಳೆಯದೇ ಹೇಳಿದೆಯಲ್ಲ ಎಂದೆ. ಅವಳು ತಲೆ ಅಲ್ಲಾಡಿಸಿದಳು.

"ನನಗೆ ಗೊತ್ತಿಲ್ಲ ಮಾವ. ಇಷ್ಟು ದಿನ ಗೊತ್ತಿಲ್ಲದ್ದು ಒಂದೂ ಆ ಮಕ್ಕಳಿಗೆ ಹೇಳಿರ್ಲಿಲ್ಲ. ಇವತ್ತು ಹೇಳಿಬಿಟ್ಟೆ." ತೀರಾ ಸಣ್ಣ ಧ್ವನಿಯಲ್ಲಿ, "ಹೆದರಿಕೆ ಆಗ್ತದೆ" ಎಂದಳು. ಮೊಣಕಾಲಿನ ಮೇಲೆ ಮುಖ ಇಟ್ಟು ಅತ್ತಳು.

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನನಗೆ ಅದು ಹೊಳೆದಿರಲಿಲ್ಲ. ಅವಳದ್ದು ಹುಚ್ಚು ಎಂದುಕೊಂಡಿದ್ದೆ, ಹಟ ಎಂದುಕೊಂಡಿದ್ದೆ, ಒಳಗೊಳಗೇ ಬೆರಗೂ ಪಟ್ಟಿದ್ದೆ. ಹೆದರಿಕೆ ಎಂದುಕೊಂಡಿರಲಿಲ್ಲ. ನಾವೆಲ್ಲ ಸೇರಿ ಹೆದರಬೇಕಾದದ್ದನ್ನು ನಮ್ಮ ಹುಡುಗಿ ಒಬ್ಬಳೇ ಹೆದರುತ್ತಿದ್ದಳು. ಹೆದರುತ್ತಲೇ ದಿನಾ ಬೆಳಿಗ್ಗೆ ಎದ್ದು ಹೋಗುತ್ತಿದ್ದಳು.

ಅವಳ ಕೈ ಹಿಡಿದುಕೊಂಡೆ. ಒಂದನೇ ಕ್ಲಾಸಿಗೆ ರಸ್ತೆ ದಾಟಿಸುವಾಗ ಹಿಡಿದ ಮೇಲೆ ಮತ್ತೆ ಹಿಡಿದದ್ದು ಅಂದೇ. ಬಹಳ ಹೊತ್ತು ಅವಳು ಕೈ ಬಿಡಲಿಲ್ಲ, ನಾನೂ ಬಿಡಲಿಲ್ಲ.